ಅಮ್ಮ ಕೇಳಿದ ಮೂರು ಪ್ರಶ್ನೆ

ಫೆಬ್ರವರಿ 14 ಊರಿಗೆಲ್ಲ ಪ್ರೇಮಿಗಳ ದಿನ. ನಮ್ಮಂಥ ಫುಟ್‌ಬಾಲ್ ಹುಚ್ಚರಿಗೆ ಈ ವರ್ಷ ಅದು ಐಎಸ್‌ಎಲ್ ಶುರುವಾಗೋ ದಿನ. ಶುರುವಾಗುತ್ತೋ ಇಲ್ಲವೋ ಅಂತ ಏಳು ತಿಂಗಳು ಉಸಿರು ಬಿಗಿಹಿಡಿದು ಕಾದಿದ್ದೀವಿ.

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ ವಿಷಯ ಎತ್ತಿದೆ. "ಅಮ್ಮ, ಕಂಠೀರವದಲ್ಲಿ ಮ್ಯಾಚ್ ಇದ್ದಾಗ ಒಂದ್ಸಲ ಹೋಗ್ಬರ್ತೀನಿ." ಮುದ್ದೆ ಮುರೀತಿದ್ದ ಅಮ್ಮನ ಕೈ ಹಂಗೇ ನಿಂತಿತು. "ಹನ್ನೊಂದು ಜನ ಹೋದ್ರಲ್ಲಪ್ಪ, ಅದು ಸಾಲ್ದಾ?" ಅಂದ್ಲು. ಅಷ್ಟೇ. ಮತ್ತೆ ಮಾತಿಲ್ಲ.

ಕಳೆದ ಜೂನ್ 4ರ ಮಾತು ಅದು. ಹಿಂದಿನ ರಾತ್ರಿ ಆರ್‌ಸಿಬಿ 18ನೇ ಸೀಸನ್‌ನಲ್ಲಿ ಕಪ್ ಗೆದ್ದಿತ್ತು. ನಮ್ಮ ರಾಜಘಟ್ಟದಲ್ಲೂ ಪಟಾಕಿ ಹೊಡೆದಿದ್ವಿ. ಮರುದಿನ ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ, ಚಿನ್ನಸ್ವಾಮಿ ಗೇಟಿನಲ್ಲಿ ಕಾಲ್ತುಳಿತ. 35 ಸಾವಿರ ಜನ ಹಿಡಿಯೋ ಸ್ಟೇಡಿಯಂ ಹತ್ರ ಎರಡು ಮೂರು ಲಕ್ಷ ಜನ ಬಂದರು ಅಂತ ಮುಖ್ಯಮಂತ್ರಿಗಳೇ ಹೇಳಿದರು. ಅವತ್ತು ಗೆಳೆಯ ನನ್ನನ್ನೂ ಕರೆದಿದ್ದ. ಆಫೀಸಿನಲ್ಲಿ ಮೀಟಿಂಗ್ ಇತ್ತು, ಹೋಗಲಿಲ್ಲ. ಟೀವಿ ಮುಂದೆ ಕೂತಿದ್ದ ಅಮ್ಮನಿಗೆ ಅದು ಗೊತ್ತಿರಲಿಲ್ಲ. ಸಂಜೆ ಫೋನ್ ತೆಗೆದು ನೋಡಿದರೆ ಅವಳದ್ದೇ 14 ಮಿಸ್ಡ್ ಕಾಲ್.

"ಅದು ಕ್ರಿಕೆಟ್ ಅಮ್ಮ, ಇದು ಫುಟ್‌ಬಾಲ್" ಅನ್ನಬಹುದಿತ್ತು. ಆದರೆ ಡಿಸೆಂಬರ್ 13ರಂದು ಕೋಲ್ಕತ್ತದಲ್ಲಿ ಏನಾಯ್ತು ಅಂತ ಅವಳೂ ನೋಡಿದ್ದಾಳೆ. ಮೆಸ್ಸಿ ಬಂದ. ಸಾವಿರಾರು ರೂಪಾಯಿ ಕೊಟ್ಟು ಸಾಲ್ಟ್ ಲೇಕ್ ಸ್ಟೇಡಿಯಂಗೆ ಬಂದವರಿಗೆ ಕಂಡಿದ್ದು ಗಣ್ಯರ ಬೆನ್ನುಗಳು. ಅರ್ಧ ಗಂಟೆಯೊಳಗೆ ಮೆಸ್ಸಿ ಹೊರಟ. ಬಾಟಲಿ ಹಾರಿದವು, ಕುರ್ಚಿ ಮುರಿದವು. ಆಯೋಜಕ ಅರೆಸ್ಟ್ ಆದರು, ಬಂಗಾಳದ ಕ್ರೀಡಾ ಸಚಿವರು ಖಾತೆ ಬಿಟ್ಟರು. ಅಲ್ಲಿ ಜೀವ ಹೋಗಲಿಲ್ಲ ಅನ್ನೋದೊಂದೇ ಸಮಾಧಾನ. ಹಾಗಾಗಿ ನಮ್ಮ ಆಟ ಸಾಚಾ ಅಂತ ಎದೆ ತಟ್ಟಿಕೊಳ್ಳೋಕೆ ನನಗೆ ಬಾಯಿಲ್ಲ.

ಆದರೆ ಒಂದು ಗಮನಿಸಿ. ಈ ಎರಡೂ ಕಡೆ ಜನ ಸೇರಿದ್ದು ಪಂದ್ಯಕ್ಕಲ್ಲ. ಒಂದು ವಿಜಯೋತ್ಸವ, ಇನ್ನೊಂದು ದರ್ಶನ. ಕಪ್ ಪಕ್ಕ, ಸ್ಟಾರ್ ಪಕ್ಕ ನಿಂತು ಫೋಟೊ ಹೊಡೆಸಿಕೊಳ್ಳೋಕೆ ನಾಯಕರ ಸಾಲೇ ಇತ್ತು. ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕರ್ಕೊಂಡು ಬಂದಿದ್ದರು.

ಅದೇ ವರ್ಷ ನಮ್ಮ ಫುಟ್‌ಬಾಲ್ ಏನಾಗಿತ್ತು? ಜುಲೈನಲ್ಲಿ ಐಎಸ್‌ಎಲ್ ನಿಂತಿತು. ಫೆಡರೇಷನ್‌ಗೂ ಲೀಗ್ ನಡೆಸೋ ಕಂಪನಿಗೂ ಇದ್ದ ಒಪ್ಪಂದ ಡಿಸೆಂಬರಿಗೆ ಮುಗಿಯುತ್ತಿತ್ತು, ಮುಂದೇನು ಅಂತ ಯಾರಿಗೂ ಸ್ಪಷ್ಟ ಇರಲಿಲ್ಲ. ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. 2018-19ರಲ್ಲಿ ಐಎಸ್‌ಎಲ್ ಗೆದ್ದ ಕ್ಲಬ್ ಅದು! ತಿಂಗಳ ಕೊನೆಗೆ ಇಎಂಐ ಮೆಸೇಜ್ ನೋಡಿ ಬೆವರೋ ನಮಗೆ ಸಂಬಳ ನಿಲ್ಲೋದು ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ನವೆಂಬರ್‌ನಲ್ಲಿ ಲೀಗ್‌ನ ಟೆಂಡರ್‌ಗೆ ಒಂದೂ ಬಿಡ್ ಬರಲಿಲ್ಲ. ಅದೇ ತಿಂಗಳು ಢಾಕಾದಲ್ಲಿ ಬಾಂಗ್ಲಾದೇಶದ ಎದುರು 1-0 ಸೋತ್ವಿ. ಜನವರಿಯಲ್ಲಿ ಛೆಟ್ರಿ, ಗುರ್‌ಪ್ರೀತ್, ಝಿಂಗನ್ ಅಂಥವರು ವಿಡಿಯೊ ಮಾಡಿ 'ನಮ್ಮ ಆಟ ಉಳಿಸಿ' ಅಂತ ಫಿಫಾಗೆ ಮೊರೆ ಇಟ್ಟರು. ಇದಾಗಿ ಕೆಲವೇ ದಿನಕ್ಕೆ ಕೇಂದ್ರ ಕ್ರೀಡಾ ಸಚಿವರು ಲೀಗ್‌ನ ದಿನಾಂಕ ಹೇಳಿದರು. 14 ಕ್ಲಬ್‌ಗಳೂ ಆಡ್ತಾವೆ, ಪಂದ್ಯ ಮಾತ್ರ ಕಡಿಮೆ.

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ನಿಮಗೆ ನೆನಪಿದೆಯಾ? ಆ ತಂಡದ ಇಬ್ಬರ ಹೆಸರು ಹೇಳಿ ನೋಡೋಣ. ನಾಚಿಕೆ ಬೇಡ, ನಾನೂ ಹುಡುಕಿ ನೋಡಿದೆ. ಗೆದ್ದವರ ಹಿಂದೆ ಓಡೋದು ನಾಯಕರೊಬ್ಬರೇ ಅಲ್ಲ, ನಾವೂ ಅಷ್ಟೇ.

ಹಾಗಂತ ಪಂದ್ಯ ಅಂದ ಮಾತ್ರಕ್ಕೆ ಸುರಕ್ಷಿತ ಅಂತಲೂ ಅಲ್ಲ. 1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೋದಲ್ಲಿ ಪಂದ್ಯ ನೋಡೋಕೆ ಹೋದ 97 ಲಿವರ್‌ಪೂಲ್ ಅಭಿಮಾನಿಗಳು ನೂಕುನುಗ್ಗಲಿಗೆ ಬಲಿಯಾದರು. ತಪ್ಪನ್ನು ಸತ್ತವರ ತಲೆಗೇ ಕಟ್ಟೋ ಪ್ರಯತ್ನ ನಡೆಯಿತು. ಮನೆಯವರು ಬಿಡಲಿಲ್ಲ. 27 ವರ್ಷ ಹೋರಾಡಿ, 2016ರಲ್ಲಿ ಅಭಿಮಾನಿಗಳ ತಪ್ಪಿಲ್ಲ ಅಂತ ತೀರ್ಪು ಪಡೆದರು. ಆಟ ನಿಲ್ಲಲಿಲ್ಲ, ಸ್ಟೇಡಿಯಂಗಳು ಬದಲಾದವು. ನಿಂತು ನೋಡೋ ಜಾಗ ಹೋಗಿ ಒಬ್ಬೊಬ್ಬರಿಗೂ ಒಂದೊಂದು ಸೀಟು ಬಂತು. ನಮ್ಮಲ್ಲೂ ಕಳೆದ ಆಗಸ್ಟ್‌ನಲ್ಲಿ ಜನಸಂದಣಿ ನಿಯಂತ್ರಣಕ್ಕೆ ಅಂತ ವಿಧಾನಸಭೆಯಲ್ಲಿ ಮಸೂದೆ ಮಂಡನೆ ಆಯ್ತು. ಕಾನೂನು ಬರಲಿ, ಬೇಡ ಅನ್ನಲ್ಲ. ಆದರೆ ಸಂಘಟಕರಿಗೆ ಹಾಕೋ ಲೆಕ್ಕವನ್ನೇ ಸರ್ಕಾರ ತನ್ನ ಸನ್ಮಾನಕ್ಕೂ ಹಾಕಿಕೊಳ್ಳಬೇಕು.

ಇಷ್ಟೆಲ್ಲ ಅಮ್ಮನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳೋ ಇಲ್ಲವೋ ಗೊತ್ತಿಲ್ಲ. ಪಾತ್ರೆ ಎತ್ತಿಡ್ತಾ ಮೂರು ಪ್ರಶ್ನೆ ಕೇಳಿದಳು. "ಒಳಗೆ ಎಷ್ಟು ಜನ ಹಿಡೀತಾರೆ? ನೀನು ಯಾವ ಗೇಟಲ್ಲಿ ಹೋಗ್ತೀಯ? ಏನಾದ್ರೂ ಆದ್ರೆ ಆಚೆ ಬರೋಕೆ ದಾರಿ ಎಲ್ಲೈತೆ?"

ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ಹೊಲ, ಹಸು ನೋಡಿಕೊಂಡವಳು ನಮ್ಮಮ್ಮ. ಈ ಮೂರು ಪ್ರಶ್ನೆಗೆ ಜೂನ್ 4ರ ಬೆಳಗ್ಗೆ ಯಾರಾದರೂ ಉತ್ತರ ಹುಡುಕಿದ್ದರೆ ಹನ್ನೊಂದು ಮನೆಗಳ ದೀಪ ಆರುತ್ತಿರಲಿಲ್ಲ.

ಈಗ ನಾನು ಉತ್ತರ ಹುಡುಕ್ತಿದ್ದೀನಿ. ಟಿಕೆಟ್ ತಗೊಂಡ ಮೇಲೆ ಸ್ಟ್ಯಾಂಡು, ಗೇಟು, ಸೀಟ್ ನಂಬರ್ ಮೂರೂ ಬರೆದು ಫ್ರಿಜ್ ಮೇಲೆ ಅಂಟಿಸೋದು ಅಂತ ಒಪ್ಪಂದ ಆಗಿದೆ. ಜೊತೆಗೆ ದೊಡ್ಡಬಳ್ಳಾಪುರಕ್ಕೆ ವಾಪಸ್ ಬರೋ ಕೊನೇ ಬಸ್ಸಿನ ಟೈಮೂ ಬೇಕಂತೆ. ನೀವೂ ಹೋಗೋ ಹಾಗಿದ್ದರೆ ಮನೇಲಿ ಇಷ್ಟು ಬರೆದಿಟ್ಟು ಹೋಗಿ. ಕಂಠೀರವದಲ್ಲಿ ಸಿಗೋಣ.