ಸಂಗೀತ ಕೇಳಲು ಹೋದವರು ಸಾಯಬೇಕೆ?

ದಿನವಿಡೀ ಮಗ್ಗದ ಸದ್ದಿನಲ್ಲಿ ನಿಂತು ಕಿವಿ ಮಂದವಾದವನಿಗೆ ಸಂಜೆ ಒಂದು ಹಾಡು ಬೇಕು. ಬೆಳಗಿನಿಂದ ತಕ್ಕಡಿ ಹಿಡಿದು ಕುಳಿತ ಅಂಗಡಿಕಾರನಿಗೂ ಬೇಕು. ಹಾಡು ಕೇಳುವುದು ಸೋಮಾರಿಗಳ ಚಟವೆನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ದುಡಿದ ಹಣದಲ್ಲಿ ಟಿಕೆಟು ಕೊಂಡು, ಮನೆಮಂದಿಯೊಡನೆ ರಸಮಂಜರಿಗೆ ಹೋಗಿ, ಮೆಚ್ಚಿದ ಗಾಯಕನನ್ನು ಕಣ್ಣಾರೆ ಕಂಡು ಬರುವುದು ಶ್ರೀಸಾಮಾನ್ಯನ ಹಕ್ಕು. ಹಾಗೆ ಹೋದವನು ಜೀವಸಹಿತ ಮನೆಗೆ ಮರಳುವುದೂ ಅವನ ಹಕ್ಕೇ. ಈ ಎರಡನೆಯ ಹಕ್ಕಿನ ಬಗೆಗೆ ಎರಡು ಮಾತು ಹೇಳಬೇಕಾಗಿದೆ.

1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ‘ದಿ ಹೂ’ ಎಂಬ ಇಂಗ್ಲಿಷ್ ತಂಡದ ಸಂಗೀತವಿತ್ತು. ಮಾರಾಟವಾದ ಹದಿನೆಂಟು ಸಾವಿರಕ್ಕೂ ಮಿಕ್ಕ ಟಿಕೆಟುಗಳಲ್ಲಿ ಬಹುಪಾಲಿಗೆ ಆಸನದ ಸಂಖ್ಯೆಯೇ ಇರಲಿಲ್ಲ. ಮೊದಲು ಬಂದವನಿಗೆ ಮುಂದಿನ ಜಾಗ, ಅಷ್ಟೆ. ಆಸನ ಗುರುತು ಮಾಡುವ ಖರ್ಚಿಲ್ಲ, ಹೆಚ್ಚು ಜನ ಹಿಡಿಸುತ್ತಾರೆ. ವ್ಯವಸ್ಥಾಪಕರಿಗೆ ಎರಡು ಕಡೆಯಿಂದಲೂ ಲಾಭ. ಮಧ್ಯಾಹ್ನದಿಂದಲೇ ಸಾವಿರಾರು ಯುವಕ ಯುವತಿಯರು ಚಳಿಯಲ್ಲಿ ಬಾಗಿಲುಗಳೆದುರು ನಿಂತರು. ಒಳಗಿನಿಂದ ವಾದ್ಯದ ಸದ್ದು ಕೇಳಿಸಿತು. ಸಂಗೀತ ಶುರುವಾಯಿತೆಂದು ಹಿಂದಿದ್ದವರು ಮುಂದೊತ್ತಿದರು. ತೆರೆದದ್ದು ಕೆಲವೇ ಬಾಗಿಲು. ಹನ್ನೊಂದು ಜನ ಅಲ್ಲಿಯೇ ಪ್ರಾಣಬಿಟ್ಟರು. ಒಳಗೆ ಸಂಗೀತ ಕೊನೆಯವರೆಗೂ ನಡೆಯಿತು. ಹೊರಗೆ ಹೆಣ ಬಿದ್ದಿರುವ ಸಂಗತಿಯನ್ನು ಹಾಡಿದವರಿಗೆ ತಿಳಿಸಿದ್ದು ಎಲ್ಲ ಮುಗಿದ ಮೇಲೆ.

ಮರುದಿನ ದೂರು ಬಂದದ್ದು ಯಾರ ಮೇಲೆ? ಸತ್ತವರ ಮೇಲೆ, ಅವರೊಡನೆ ನಿಂತಿದ್ದವರ ಮೇಲೆ. ಹುಚ್ಚು ಹುಡುಗರು, ಮದ್ಯದ ಅಮಲು, ಒಬ್ಬರನ್ನೊಬ್ಬರು ತುಳಿದು ನುಗ್ಗಿದ ಅನಾಗರಿಕರು ಎಂದು ಬರೆದವರುಂಟು. ಆದರೆ ನಾರಿಸ್ ಜಾನ್ಸನ್ ಎಂಬ ಸಮಾಜಶಾಸ್ತ್ರಜ್ಞರು ಅಂದು ಅಲ್ಲಿದ್ದವರು ಪೊಲೀಸರಿಗೆ ಕೊಟ್ಟ ಹೇಳಿಕೆಗಳನ್ನು ಪರಿಶೀಲಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಮಾತು ಹೇಳಿತು. ಜನ ಮೃಗಗಳಾಗಿರಲಿಲ್ಲ. ಉಸಿರು ಕಟ್ಟುತ್ತಿದ್ದಾಗಲೂ ಅಪರಿಚಿತರು ಅಪರಿಚಿತರನ್ನು ಎತ್ತಿ ಹಿಡಿಯಲು ಹೆಣಗಿದ್ದರು.

ಗುಂಪಿನ ಸಾವು ಹೇಗೆ ಬರುತ್ತದೆಂಬುದನ್ನು ನಮ್ಮ ಓದುಗರು ತಿಳಿದಿರಬೇಕು. ಒಂದು ಚದರ ಮೀಟರ್, ಎಂದರೆ ಸುಮಾರು ಮೂರೂಕಾಲು ಅಡಿ ಚೌಕದ ಜಾಗದಲ್ಲಿ ಐದಾರು ಜನಕ್ಕಿಂತ ಹೆಚ್ಚು ಸೇರಿದರೆ ಯಾರ ಕಾಲೂ ಅವರ ಮಾತು ಕೇಳುವುದಿಲ್ಲ. ಗುಂಪು ನೀರಿನಂತೆ ಅಲೆಯಾಗಿ ಹೊಯ್ದಾಡುತ್ತದೆ. ಎದೆಯ ಮೇಲೆ ಒತ್ತಡ ಬಿದ್ದು ಉಸಿರೆಳೆಯಲು ಎಡೆಯಿಲ್ಲದಾಗುತ್ತದೆ. ಅನೇಕರು ನಿಂತಲ್ಲೇ ಸಾಯುತ್ತಾರೆ. ಹಿಂದಿನವನಿಗೆ ಮುಂದೆ ಏನಾಗಿದೆಯೆಂದು ಕಾಣದು, ಮುಂದಿನವನ ಕೂಗು ಹಿಂದಿನವನಿಗೆ ಕೇಳದು. ಇದನ್ನು ‘ಕಾಲ್ತುಳಿತ’ವೆಂದು ಕರೆದಾಗಲೆಲ್ಲ ಅಪರಾಧ ಕಾಲುಗಳ ಮೇಲೆ ಬೀಳುತ್ತದೆ, ಬಾಗಿಲಿನ ಬೀಗ ಹಿಡಿದಿದ್ದ ಕೈ ತಪ್ಪಿಸಿಕೊಳ್ಳುತ್ತದೆ.

ಇದು ಸಾಗರದಾಚೆಯ ಕಥೆಯೆಂದು ಸುಮ್ಮನಿರುವಂತಿಲ್ಲ. 2023ರ ನವೆಂಬರ್ 25ರಂದು ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಬಯಲು ರಂಗಮಂದಿರದಲ್ಲಿ ಸಂಗೀತ ಆರಂಭವಾಗುವ ಮುನ್ನವೇ ಮಳೆ ಬಂತು. ಹೊರಗಿದ್ದವರು ಆಸರೆಗಾಗಿ ಬಾಗಿಲಿಗೆ ಒತ್ತಿದರು. ಬಾಗಿಲ ಒಳಗೆ ಕೆಳಗಿಳಿಯುವ ಮೆಟ್ಟಿಲು. ಮುಂದಿದ್ದವರು ಉರುಳಿದರು, ನಾಲ್ವರು ಸತ್ತರು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ 2025ರ ಜೂನ್ 4ರಂದು ಹನ್ನೊಂದು ಜನ ಸತ್ತರು. ಅಲ್ಲಿದ್ದದ್ದು ಕ್ರಿಕೆಟ್ ವಿಜಯದ ಸಂಭ್ರಮ, ಸಂಗೀತವಲ್ಲ. ಆದರೆ ಬಾಗಿಲು ಅದೇ ಬಾಗಿಲು. ಸುಮಾರು ಮೂವತ್ತೈದು ಸಾವಿರ ಜನ ಹಿಡಿಸುವ ಜಾಗಕ್ಕೆ ಲಕ್ಷಗಟ್ಟಲೆ ಜನ ಬಂದಿದ್ದರು. ಹೊರಗೆ ಸಾವು, ಒಳಗೆ ಸಮಾರಂಭ, ಇದೂ ಅದೇ.

ಇನ್ನು ಕಾವಲಿನ ವಿಚಾರ. 1969ರ ಡಿಸೆಂಬರ್ 6ರಂದು ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ‘ರೋಲಿಂಗ್ ಸ್ಟೋನ್ಸ್’ ತಂಡದ ಬಯಲು ಸಂಗೀತಕ್ಕೆ ವೇದಿಕೆ ಕಾಯಲು ಮೋಟಾರ್ ಸೈಕಲ್ ಪುಂಡರ ಕೂಟವೊಂದು ನಿಂತಿತ್ತು. ಅವರಿಗೆ ಸಂದ ಕೂಲಿ ಐನೂರು ಡಾಲರಿನ ಬಿಯರ್ ಎಂದು ಹೇಳುತ್ತಾರೆ. ವೇದಿಕೆಯ ಮುಂದೆಯೇ ಹದಿನೆಂಟು ವರ್ಷದ ಕಪ್ಪು ಯುವಕನೊಬ್ಬ ಅವರಲ್ಲೊಬ್ಬನ ಚಾಕುವಿಗೆ ಬಲಿಯಾದ. ಯುವಕನ ಕೈಯಲ್ಲಿ ಪಿಸ್ತೂಲಿತ್ತೆಂದು ಚುಚ್ಚಿದವನು ನ್ಯಾಯಾಲಯದಲ್ಲಿ ಬಿಡುಗಡೆ ಹೊಂದಿದ. ಇಂತಹ ಕಾವಲನ್ನು ಇಂದು ಯಾರೂ ಇಡುವುದಿಲ್ಲ, ನಿಜ. ಆದರೆ ಗುತ್ತಿಗೆದಾರನು ಸಂಜೆಗೆಂದು ಹಿಡಿದು ತಂದು, ಸಮವಸ್ತ್ರ ತೊಡಿಸಿ, ಲಾಠಿ ಕೊಟ್ಟು ನಿಲ್ಲಿಸಿದ ಹುಡುಗನಿಗೆ ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆಂದು ಯಾರಾದರೂ ತಿಳಿಸಿರುತ್ತಾರೆಯೆ? ಅವನೂ ನಮ್ಮಂತೆ ದಿನಗೂಲಿಯವನೇ. ಅವಘಡವಾದರೆ ಮೊದಲು ಜನರ ಕೈಯಿಂದ ಪೆಟ್ಟು ತಿನ್ನುವವನೂ ಅವನೇ. ಅವನ ಮೇಲೆ ರೇಗಿ ಫಲವಿಲ್ಲ. ಅವನಿಗೆ ತರಬೇತಿ ಕೊಡದೆ ಹಣ ಉಳಿಸಿದವನನ್ನು ಕೇಳಬೇಕು.

ಬೇಕಾದದ್ದು ಅಸಾಧ್ಯವಾದುದೇನಲ್ಲ. ಹಿಡಿಸುವಷ್ಟೇ ಟಿಕೆಟು ಮಾರಬೇಕು. ಆ ಸಂಖ್ಯೆಯನ್ನು ಬಾಗಿಲ ಬಳಿ ಎಲ್ಲರಿಗೂ ಕಾಣುವಂತೆ ಬರೆಯಬೇಕು. ಬಾಗಿಲುಗಳನ್ನು ಹೊತ್ತಿಗೆ ಮುಂಚೆ, ಎಲ್ಲವನ್ನೂ, ತೆರೆಯಬೇಕು. ಹೊರಗೆ ನಿಂತವರಿಗೆ ಆಗಾಗ ಧ್ವನಿವರ್ಧಕದಲ್ಲಿ ನಿಜಸ್ಥಿತಿ ತಿಳಿಸಬೇಕು. ಸಂಗೀತ ನಿಲ್ಲಿಸುವ ಅಧಿಕಾರ ಯಾರಿಗೆಂದು ಮೊದಲೇ ಗೊತ್ತುಮಾಡಿರಬೇಕು. 2021ರ ನವೆಂಬರ್ 5ರಂದು ಹ್ಯೂಸ್ಟನ್ ನಗರದ ಆಸ್ಟ್ರೋವರ್ಲ್ಡ್ ಉತ್ಸವದಲ್ಲಿ ಹತ್ತು ಜನರನ್ನು ಬಲಿ ತೆಗೆದುಕೊಂಡ ಒತ್ತಾಟದಲ್ಲಿ, ಅನಾಹುತವಾಗಿದೆಯೆಂದು ಅಧಿಕಾರಿಗಳು ಘೋಷಿಸಿದ ಮೇಲೂ ಸುಮಾರು ಅರ್ಧ ಗಂಟೆ ಹಾಡು ಸಾಗಿತ್ತು. ಅಂತಹುದು ಇನ್ನೆಲ್ಲಿಯೂ ಆಗಕೂಡದು.

ನಮ್ಮ ವರ್ತಕ ಮಿತ್ರರಿಗೂ ಒಂದು ಮಾತು. ರಸಮಂಜರಿಯ ದಿನ ಕಡಲೆಪುರಿ, ಸೋಡಾ ಮಾರಾಟ ಚೆನ್ನಾಗಿ ನಡೆಯಲಿ. ಆದರೆ ಜನ ಹೊರಬೀಳುವ ದಾರಿಯಲ್ಲಿ ಗಾಡಿ ನಿಲ್ಲಿಸಬೇಡಿ. ಆ ದಾರಿಯಲ್ಲಿ ಓಡಿ ಬರುವವರು ನಿಮ್ಮ ಮಕ್ಕಳೇ ಆಗಿರಬಹುದು.

ಸಿನ್ಸಿನಾಟಿ ನಗರಸಭೆ ಅದೇ ಡಿಸೆಂಬರಿನಲ್ಲಿ ಸಂಖ್ಯೆಯಿಲ್ಲದ ಆಸನಗಳನ್ನು ನಿಷೇಧಿಸಿತು. 2004ರಲ್ಲಿ ಆ ನಿಷೇಧವನ್ನು ತೆಗೆಯಲಾಯಿತು. ಹೆಣ ಬಿದ್ದಾಗ ಕಾನೂನು ಬರುತ್ತದೆ, ನೆನಪು ಮಾಸಿದಾಗ ಸಡಿಲಾಗುತ್ತದೆ. ಆದ್ದರಿಂದ ನೆನಪಿಡುವ ಕೆಲಸವನ್ನು ಸರ್ಕಾರಕ್ಕೊಂದಕ್ಕೇ ಬಿಡುವಂತಿಲ್ಲ. ಗಿರಣಿಯಲ್ಲಿ ಬೆಂಕಿ ಬಿದ್ದರೆ ಹೊರಹೋಗುವ ಬಾಗಿಲಿಗೆ ಬೀಗ ಹಾಕಬಾರದೆಂದು ಕೇಳಲು ಕಾರ್ಮಿಕನು ಹೇಗೆ ಕಲಿತನೋ, ಹಾಗೆಯೇ ರಂಗಮಂದಿರದ ಬಾಗಿಲನ್ನೂ ಕೇಳಿ ನೋಡುವುದನ್ನು ಕಲಿಯಬೇಕು. ಮುಂದಿನ ಸಲ ನಿಮ್ಮ ಊರಿನಲ್ಲಿ ಸಂಗೀತದ ಕಾರ್ಯಕ್ರಮವೆಂದು ಗೋಡೆಗೆ ಭಿತ್ತಿಪತ್ರ ಹತ್ತಿದಾಗ ಯಾರು ಹಾಡುತ್ತಾರೆಂದು ಕೇಳಿರಿ. ಎಷ್ಟು ಬಾಗಿಲು, ಯಾವಾಗ ತೆರೆಯುತ್ತೀರಿ ಎಂದೂ ಕೇಳಿರಿ. ಉತ್ತರ ಬಾರದಿದ್ದರೆ ಟಿಕೆಟಿಗೆ ಹಣ ಕೊಡಬೇಡಿರಿ.