‘ಸೌಂಡ್’ ಎಂಬ ಮಾತು

ಇಂಗ್ಲೀಷಿನಲ್ಲಿ ‘ಸೌಂಡ್’ ಎಂಬುದೊಂದು ಚಿಕ್ಕ ಮಾತುಂಟು. ಶಬ್ದವೆಂಬ ಅದರ ಅರ್ಥವು ಮನೆಯ ಮಕ್ಕಳಿಗೂ ತಿಳಿದದ್ದೇ. ಆದರೆ ‘ಸೌಂಡ್ ಸ್ಲೀಪ್’ ಎಂದರೆ ಸದ್ದಿನ ನಿದ್ರೆಯಲ್ಲ, ಗಾಢನಿದ್ರೆ; ಗೊರಕೆ ಹೊಡೆಯುವವರು ಇದನ್ನು ತಮ್ಮ ಪರವಾಗಿ ಹೇಳಿಕೊಳ್ಳುವಂತಿಲ್ಲ. ಎರಡು ನೆಲಗಳ ನಡುವಣ ಇಕ್ಕಟ್ಟಾದ ಕಡಲಿಗೂ ಇದೇ ಹೆಸರು. ನಾವಿಕರು ನೀರಿನ ಆಳವನ್ನು ಅಳೆಯುವುದಕ್ಕೂ ಇದೇ ಮಾತು.

ಅಮರಕೋಶದ ನಾನಾರ್ಥವರ್ಗವನ್ನು ಬಾಯಿಪಾಠ ಮಾಡಿದವರಿಗೆ ಇದೇನೂ ಆಶ್ಚರ್ಯವೆನಿಸದು. ಅಲ್ಲಿ ‘ಹರಿ’ ಎಂದರೆ ವಿಷ್ಣುವೂ ಹೌದು, ಸಿಂಹವೂ ಹೌದು, ಕಪಿಯೂ ಹೌದು, ಕಪ್ಪೆಯೂ ಹೌದು. ಆದರೆ ಕೋಶಕಾರನ ದೃಷ್ಟಿಯಲ್ಲಿ ಅದು ಪದವೊಂದು, ಅರ್ಥ ಹಲವು. ‘ಸೌಂಡ್’ ಹಾಗಲ್ಲ. ಬೇರೆ ಬೇರೆ ದಾರಿಯಿಂದ ಬಂದ ಮಾತುಗಳು ಸವೆದು ಸವೆದು ಒಂದೇ ರೂಪಕ್ಕೆ ಬಂದು ನಿಂತಿವೆ. ಒಂದರ ಅರ್ಥದಿಂದ ಇನ್ನೊಂದನ್ನು ಊಹಿಸಹೊರಟರೆ ದಾರಿ ತಪ್ಪುವುದು ಖಂಡಿತ.

ಶಬ್ದಾರ್ಥದ ಮಾತಿಗೆ ಮೂಲವು ಲ್ಯಾಟಿನಿನ ‘ಸೊನುಸ್’. ಫ್ರೆಂಚರ ಮೂಲಕ ಇಂಗ್ಲೆಂಡಿಗೆ ಬಂದಾಗ ಅದು ‘ಸೂನ್’ ಎಂದಿತ್ತು. ಕೊನೆಯ ಡಕಾರವು ಅನಂತರ ನಾಲಗೆಯ ಅಭ್ಯಾಸದಿಂದ ಅಂಟಿಕೊಂಡ ಆಗಮ. ಅದನ್ನು ತೆಗೆದು ನೋಡಿದರೆ ನಮ್ಮ ‘ಸ್ವನ’ದ ಮುಖಚ್ಛಾಯೆಯು ಕಾಣುವುದು. ಇದು ಭ್ರಮೆಯಲ್ಲ, ನಿಜವಾದ ಬಾಂಧವ್ಯ. ಹಾಗೆಂದು ಲ್ಯಾಟಿನಿನವರು ಸಂಸ್ಕೃತದಿಂದ ಸಾಲ ತಂದರೆಂದು ಹೇಳುವ ಪಂಡಿತಮಿತ್ರರ ವಾದವು ನಿಲ್ಲದು. 1786ರಲ್ಲಿ ಕಲ್ಕತ್ತೆಯಲ್ಲಿ ಸರ್ ವಿಲಿಯಂ ಜೋನ್ಸರು ಸೂಚಿಸಿದಂತೆ, ಇವೆರಡೂ ತಮಗಿಂತ ಹಿಂದಿನ ಒಂದು ಭಾಷೆಯ ಮಕ್ಕಳು. ಅಕ್ಕತಂಗಿಯರೇ ಹೊರತು ತಾಯಿಮಗಳಲ್ಲ.

ಆರೋಗ್ಯ, ದೃಢತೆ ಎಂಬರ್ಥದ ‘ಸೌಂಡ್’ ಹಳೆಯ ಇಂಗ್ಲೀಷಿನ ‘ಗೆಸುಂಡ್’. ಮುಂದಣ ಉಪಸರ್ಗವು ಇಂಗ್ಲೀಷಿನಲ್ಲಿ ಬಿದ್ದುಹೋಯಿತು, ಜರ್ಮನರಲ್ಲಿ ಉಳಿದಿದೆ. ನಮ್ಮಲ್ಲಿ ಮಗು ಸೀನಿದರೆ ‘ಚಿರಂಜೀವಿ’ ಎನ್ನುವಂತೆ ಅವರು ‘ಗೆಜುಂಟ್‌ಹೈಟ್’, ಅಂದರೆ ಆರೋಗ್ಯ, ಎಂದು ಹರಸುವರು.

ಕಡಲಿನ ಮಾತು ಸ್ಕಾಂಡಿನೇವಿಯದ ‘ಸುಂಡ್’; ಅದಕ್ಕೆ ಈಜು ಎಂಬ ಅರ್ಥವೂ ಇತ್ತು. ಡೆನ್ಮಾರ್ಕ್ ಸ್ವೀಡನ್ನುಗಳ ನಡುವಣ ಜಲಸಂಧಿಯನ್ನು ಇಂಗ್ಲೀಷರು ಬರಿದೆ ‘ದಿ ಸೌಂಡ್’ ಎನ್ನುವರು. ಅಲ್ಲಿ ಹಾಯುವ ಹಡಗುಗಳಿಂದ ಡೆನ್ಮಾರ್ಕಿನ ದೊರೆಗಳು 1857ರ ವರೆಗೆ ಸುಂಕವೆತ್ತುತ್ತಿದ್ದರು.

ಆಳವನ್ನು ಅಳೆಯುವ ಮಾತು ಫ್ರೆಂಚಿನಿಂದ ಬಂದದ್ದು. ಅದಕ್ಕೂ ಈ ‘ಸುಂಡ್’ಗೂ ನಂಟಿರಬಹುದೆಂದು ವಿದ್ವಾಂಸರ ಊಹೆ. ಹಿಂದೆ ನಾವಿಕರು ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ಇಳಿಬಿಡುವರು. ಗುಂಡಿನ ತಳದಲ್ಲೊಂದು ಕುಳಿ, ಅದರಲ್ಲಿ ಪಶುವಿನ ಕೊಬ್ಬು. ತಳದ ಮರಳೋ ಕೆಸರೋ ಅದಕ್ಕೆ ಅಂಟಿ ಮೇಲೆ ಬರುವುದು. ಆಳದೊಡನೆ ನೆಲದ ಗುಣವೂ ತಿಳಿಯುವುದು. ಈಗಿನ ಹಡಗುಗಳು ನೀರಿನೊಳಕ್ಕೆ ಧ್ವನಿಯನ್ನು ಕಳುಹಿಸಿ ಪ್ರತಿಧ್ವನಿಯ ಕಾಲವನ್ನು ಎಣಿಸುತ್ತವೆ. ಸಮುದ್ರದಲ್ಲಿ ಧ್ವನಿಯು ಸೆಕೆಂಡಿಗೆ ಸುಮಾರು 1500 ಮೀಟರು ಓಡುವುದರಿಂದ, ಎರಡು ಸೆಕೆಂಡಿಗೆ ಮರಳಿದರೆ ಆಳವು 1500 ಮೀಟರು. ಇದರ ಹೆಸರು ‘ಎಕೋ ಸೌಂಡಿಂಗ್’. ಧ್ವನಿಯಿಂದ ಅಳೆಯುವುದರಿಂದಲೇ ಈ ಹೆಸರೆಂದು ಓದಿದವರೂ ನಂಬುವರು. ಸೀಸದ ಗುಂಡಿನ ಕಾಲದಲ್ಲಿಯೇ ‘ಸೌಂಡಿಂಗ್’ ಎಂಬ ಹೆಸರಿತ್ತಷ್ಟೆ!

ಇಂಥ ತೊಡಕು ನಮ್ಮ ನುಡಿಗೂ ಉಂಟು. ತಿಳಿ ಎಂಬರ್ಥದ ಹಳಗನ್ನಡದ ‘ಅಱಿ’ಗೆ ಶಕಟರೇಫ, ಕತ್ತರಿಸು ಎಂಬರ್ಥದ ‘ಅರಿ’ಗೆ ಸಾಮಾನ್ಯ ರೇಫ. ಶಕಟರೇಫವು ಬಳಕೆ ತಪ್ಪಿದ ಮೇಲೆ ಎರಡೂ ಬರಹದಲ್ಲಿ ಒಂದಾದವು. ಶತ್ರುವಾಚಕವಾದ ಸಂಸ್ಕೃತದ ‘ಅರಿ’ಯು ಬೇರೆ ಬಂದು ಸೇರಿತು. ಮಕ್ಕಳು ಕೇಳಿದರೆ ಕಿಟ್ಟೆಲರ 1894ರ ನಿಘಂಟನ್ನು ತೆರೆದು ತೋರಿಸಬಹುದು.