ಜರ್ಮನ್ ಪಾಠಕ್ಕೆ 25 ಡಾಲರ್ ದಂಡ

ಅಮೆರಿಕದ ಸಂವಿಧಾನವನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಮಾತೃಭಾಷೆಯ ಹಕ್ಕಿನ ಕುರಿತು ಒಂದು ವಾಕ್ಯವೂ ಸಿಗದು. ಶಾಲೆ, ಶಿಕ್ಷಣ ಎಂಬ ಮಾತುಗಳೇ ಅದರಲ್ಲಿಲ್ಲ. ಭಾರತದಲ್ಲಾದರೋ ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿಯೇ 350ಎ ವಿಧಿ ಸೇರ್ಪಡೆಯಾಗಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು ಹೇಳಿತು. ಗಡಿಯ ಈಚೆಗೆ ಉಳಿದ ಕನ್ನಡಿಗರ ಮನವಿಪತ್ರಗಳಿಗೆ ಆ ವಿಧಿಯೇ ಆಧಾರ. ಹಾಗೆ ಎತ್ತಿ ತೋರಿಸಲು ಏನೂ ಇಲ್ಲದ ದೇಶದಲ್ಲಿ ಹಕ್ಕು ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ನೆಬ್ರಾಸ್ಕಾದ ಒಬ್ಬ ಶಾಲಾ ಮಾಸ್ತರರ ಮೊಕದ್ದಮೆ ಉತ್ತರ ಕೊಡುತ್ತದೆ.

ನೆಬ್ರಾಸ್ಕಾ ಅಮೆರಿಕದ ನಡುಭಾಗದ ಕೃಷಿ ಪ್ರಧಾನ ರಾಜ್ಯ. ಅಲ್ಲಿಗೆ ವಲಸೆ ಬಂದು ನೆಲ ಉತ್ತವರಲ್ಲಿ ಜರ್ಮನರು ಬಹಳ. ಅವರ ಚರ್ಚುಗಳಲ್ಲಿ ಪ್ರಾರ್ಥನೆ ಜರ್ಮನ್ ಭಾಷೆಯಲ್ಲಿ ನಡೆಯುತ್ತಿತ್ತು. ಚರ್ಚಿಗೆ ಸೇರಿದ ಶಾಲೆಗಳಲ್ಲಿ ಮಕ್ಕಳು ಆ ಭಾಷೆಯನ್ನೇ ಓದಿ ಬರೆದು ಕಲಿಯುತ್ತಿದ್ದರು. 1917ರಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಇಳಿದೊಡನೆ ಅದು ವೈರಿಯ ಭಾಷೆಯಾಗಿಬಿಟ್ಟಿತು. ಯುದ್ಧ ಮುಗಿದರೂ ಆ ಉರಿ ಆರಲಿಲ್ಲ. 1919ರ ಏಪ್ರಿಲಿನಲ್ಲಿ ನೆಬ್ರಾಸ್ಕಾದ ಶಾಸನಸಭೆ ಒಂದು ಕಾನೂನು ಮಾಡಿತು: ಸರಕಾರಿ ಶಾಲೆಯಿರಲಿ, ಖಾಸಗಿ ಶಾಲೆಯಿರಲಿ, ಇಂಗ್ಲಿಷ್ ಅಲ್ಲದ ಭಾಷೆಯಲ್ಲಿ ಯಾವ ಪಾಠವನ್ನೂ ಹೇಳಕೂಡದು, ಎಂಟನೆಯ ತರಗತಿ ಮುಗಿಸದ ಮಗುವಿಗೆ ಪರಭಾಷೆಯನ್ನು ಭಾಷೆಯಾಗಿಯೂ ಕಲಿಸಕೂಡದು. ತಪ್ಪಿದವರಿಗೆ 25ರಿಂದ 100 ಡಾಲರ್ ದಂಡ, ಇಲ್ಲವೇ 30 ದಿನಗಳವರೆಗೆ ಸೆರೆ. ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳಿಗೆ ಮಾತ್ರ ಈ ನಿಷೇಧ ತಗಲದೆಂದು ಆ ರಾಜ್ಯದ ನ್ಯಾಯಾಲಯ ಅರ್ಥೈಸಿತು. ಮನೆಯಲ್ಲಿ ಯಾರೂ ಆಡದ ಭಾಷೆಯಿಂದ ಸರಕಾರಕ್ಕೆ ಭಯವಿರಲಿಲ್ಲವೆಂದೇ ತಿಳಿಯಬೇಕು.

ಹ್ಯಾಂಪ್ಟನ್ ಎಂಬ ಸಣ್ಣ ಊರಿನ ಲೂಥರನ್ ಶಾಲೆಯವರು ಬಿಡುವಿನ ವೇಳೆಯನ್ನು ಅರ್ಧ ಗಂಟೆ ಹಿಗ್ಗಿಸಿ, ಆ ಹೊತ್ತಿನಲ್ಲಿ ಜರ್ಮನ್ ಓದಿಸತೊಡಗಿದರು. 1920ರ ಮೇ 25ರಂದು ಅಲ್ಲಿನ ಶಿಕ್ಷಕ ರಾಬರ್ಟ್ ಮೇಯರ್ ಅವರು ಹತ್ತು ವರ್ಷದ ಬಾಲಕನಿಂದ ಬೈಬಲ್ ಕಥೆಗಳನ್ನು ಜರ್ಮನ್ ಭಾಷೆಯಲ್ಲಿ ಓದಿಸುತ್ತಿದ್ದಾಗ ಕೌಂಟಿಯ ಸರಕಾರಿ ವಕೀಲರು ಬಂದರು. ಆ ಕ್ಷಣ ಇಂಗ್ಲಿಷಿಗೆ ಹೊರಳಿದ್ದರೆ ಏನೂ ಆಗುತ್ತಿರಲಿಲ್ಲವೆಂಬುದು ಮೇಯರ್ ಅವರಿಗೆ ಗೊತ್ತಿತ್ತು. ಮುಂದೆ ತಮ್ಮ ವಕೀಲರಿಗೆ ಅದನ್ನೇ ಹೇಳಿಕೊಂಡರು. ಅವರು ಹೊರಳಲಿಲ್ಲ. 25 ಡಾಲರ್ ದಂಡ ಬಿತ್ತು.

ದಂಡ ಕಟ್ಟಿ ಸುಮ್ಮನಾಗಬಹುದಿತ್ತು. ಆದರೆ ಮೇಲ್ಮನವಿ ಹೋಯಿತು. ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ನಾಲ್ವರು ನ್ಯಾಯಾಧೀಶರು ವಿರುದ್ಧ, ಇಬ್ಬರು ಪರ, ಅಲ್ಲಿಯೂ ಸೋಲು. ಅಮೆರಿಕದಲ್ಲಿ ಶಾಲೆ ರಾಜ್ಯಗಳಿಗೆ ಸೇರಿದ ವಿಷಯ. 1791ರ ಹಕ್ಕುಗಳ ಪಟ್ಟಿ ಮೂಲತಃ ಕೇಂದ್ರ ಸರಕಾರವನ್ನಷ್ಟೇ ಕಟ್ಟಿಹಾಕಿತ್ತು. ರಾಜ್ಯವೊಂದನ್ನು ವಾಷಿಂಗ್ಟನ್ನಿನ ಕಟಕಟೆಗೆ ಎಳೆಯಲು ಉಳಿದದ್ದು 1868ರ ಹದಿನಾಲ್ಕನೆಯ ತಿದ್ದುಪಡಿಯೊಂದೇ. ಗುಲಾಮಗಿರಿಯಿಂದ ಬಿಡುಗಡೆಯಾದವರ ರಕ್ಷಣೆಗಾಗಿ ಬರೆದ ಆ ತಿದ್ದುಪಡಿ, ನ್ಯಾಯಯುತ ಕ್ರಮವಿಲ್ಲದೆ ಯಾವ ರಾಜ್ಯವೂ ಯಾರ ಸ್ವಾತಂತ್ರ್ಯವನ್ನೂ ಕಸಿಯಬಾರದು ಎನ್ನುತ್ತದೆ. ಸ್ವಾತಂತ್ರ್ಯವೆಂದರೆ ಏನೇನು ಎಂದು ಅದು ವಿವರಿಸಿಲ್ಲ. ಆ ಮೌನವೇ ಮೇಯರ್ ಅವರ ಕೈ ಹಿಡಿಯಿತು. ಜರ್ಮನ್ ಲೂಥರನರ ಪರ ವಾದಿಸಿದ ಆರ್ಥರ್ ಮಲ್ಲೆನ್ ಅವರು ಐರಿಷ್ ಮೂಲದ ಕ್ಯಾಥಲಿಕರೆಂಬುದು ಗಮನಿಸಬೇಕಾದ ಮಾತು. ಈ ಎರಡು ಪಂಥಗಳ ನಡುವೆ ಅಂದು ಅಂಥ ಸಲಿಗೆಯೇನೂ ಇರಲಿಲ್ಲ.

1923ರ ಜೂನ್ 4ರಂದು ಏಳು–ಎರಡರ ಬಹುಮತದ ತೀರ್ಪು ಬಂತು. ಕಲಿಸುವುದು ಶಿಕ್ಷಕನ ಸ್ವಾತಂತ್ರ್ಯ, ಮಕ್ಕಳಿಗೆ ಕಲಿಸಿಕೊಡಿರೆಂದು ಅವನನ್ನು ನೇಮಿಸಿಕೊಳ್ಳುವುದು ತಂದೆತಾಯಿಗಳ ಸ್ವಾತಂತ್ರ್ಯ ಎಂದು ನ್ಯಾಯಮೂರ್ತಿ ಮೆಕ್‌ರೆನಾಲ್ಡ್ಸ್ ಬರೆದರು. ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ ರಾಜ್ಯವೇ ಬೆಳೆಸುವ ಪ್ಲೇಟೋನ ಕಲ್ಪನೆಯನ್ನೂ ಸ್ಪಾರ್ಟಾದ ಪದ್ಧತಿಯನ್ನೂ ನೆನಪಿಸಿ, ಅಂಥದಕ್ಕೆ ಈ ಸಂವಿಧಾನದಲ್ಲಿ ಎಡೆಯಿಲ್ಲವೆಂದರು. ಆದರೆ ಅದೇ ತೀರ್ಪು, ಶಾಲೆಗಳಲ್ಲಿ ಇಂಗ್ಲಿಷಿನಲ್ಲಿ ಪಾಠ ಹೇಳಬೇಕೆಂದು ವಿಧಿಸುವ ರಾಜ್ಯದ ಅಧಿಕಾರವನ್ನು ಪ್ರಶ್ನಿಸಲಿಲ್ಲ. ನ್ಯಾಯಾಲಯ ಬಾಗಿಲ ಬೀಗ ತೆಗೆಯಿತು, ಅಷ್ಟೆ. ಒಳಗೆ ಮಕ್ಕಳನ್ನು ಕೂರಿಸುವುದು ಅದರ ಕೆಲಸವಾಗಿರಲಿಲ್ಲ. ಯುದ್ಧಕಾಲದಲ್ಲಿ ಅಂಜಿ ಇಂಗ್ಲಿಷಿಗೆ ಹೋದ ಮನೆಗಳು ಹೆಚ್ಚಿನವು ಮರಳಿ ಬರಲಿಲ್ಲ. ಗೆದ್ದ ಹಕ್ಕನ್ನು ಬಳಸುವವರೇ ಕಡಿಮೆಯಾಗುತ್ತ ಹೋದರು.

ಅರ್ಧ ಶತಮಾನದ ಬಳಿಕ ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಕುಟುಂಬಗಳು ಬೇರೆ ಪ್ರಶ್ನೆಯೊಂದಿಗೆ ನ್ಯಾಯಾಲಯಕ್ಕೆ ಹೋದವು. ಇಂಗ್ಲಿಷ್ ತಿಳಿಯದ ಸುಮಾರು 1,800 ಮಕ್ಕಳು ಯಾವ ನೆರವೂ ಇಲ್ಲದೆ ಇಂಗ್ಲಿಷ್ ತರಗತಿಗಳಲ್ಲಿ ಕುಳಿತಿದ್ದರು. ಅರ್ಥವಾಗದ ಭಾಷೆಯಲ್ಲಿ ಎಲ್ಲರಿಗೂ ಒಂದೇ ಪುಸ್ತಕ ಕೊಟ್ಟರೆ ಅದು ಸಮಾನತೆಯಲ್ಲವೆಂದು 1974ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿತು. ಪರಿಹಾರ ಯಾವುದೆಂದು ಮಾತ್ರ ಗೊತ್ತುಪಡಿಸಲಿಲ್ಲ. ಮರುವರ್ಷ ಕೇಂದ್ರದ ಮತದಾನ ಕಾನೂನಿಗೆ ತಿದ್ದುಪಡಿಯಾಗಿ, ಭಾಷಾ ಅಲ್ಪಸಂಖ್ಯಾತರು ನಿಗದಿತ ಪ್ರಮಾಣದಲ್ಲಿರುವಲ್ಲಿ ಅವರ ಭಾಷೆಯಲ್ಲಿಯೂ ಮತಪತ್ರ ಮುದ್ರಿಸಬೇಕಾಯಿತು.

ಕ್ಯಾಲಿಫೋರ್ನಿಯಾದಲ್ಲಿ ಸಾಕಷ್ಟು ಮತದಾರರ ಸಹಿ ಸೇರಿಸಿದರೆ ಕಾನೂನಿನ ಕರಡನ್ನು ನೇರವಾಗಿ ಜನರ ಮತಕ್ಕೇ ಹಾಕಬಹುದು. 1998ರಲ್ಲಿ ಹಾಗೆ ಬಂದ ಕರಡೊಂದು, ಪೋಷಕರು ಬರೆದುಕೊಟ್ಟು ವಿನಾಯಿತಿ ಪಡೆದ ಹೊರತು, ಸರಕಾರಿ ಶಾಲೆಗಳ ದ್ವಿಭಾಷಾ ಬೋಧನೆಯನ್ನು ನಿಲ್ಲಿಸಬೇಕೆಂದಿತು. ಶೇಕಡಾ 61 ಮಂದಿ ಒಪ್ಪಿದರು. ಶಾಸನಸಭೆ ಅದನ್ನು ಬಹುಮಟ್ಟಿಗೆ ಕಿತ್ತುಹಾಕುವ ಪ್ರಸ್ತಾಪವನ್ನು 2016ರಲ್ಲಿ ಜನರ ಮುಂದಿಟ್ಟಾಗ ಶೇಕಡಾ 73 ಮಂದಿ ಅದನ್ನೂ ಒಪ್ಪಿದರು. ನಡುವಿನ ಹದಿನೆಂಟು ವರ್ಷಗಳಲ್ಲಿ ಒಂದನೆಯ ತರಗತಿಗೆ ಸೇರಿದ ಮಕ್ಕಳು ಶಾಲೆ ಮುಗಿಸಿ ಹೊರಬಿದ್ದಿದ್ದರು. 1998ರಲ್ಲಿ, ಮಕ್ಕಳಿಗೆ ಸ್ಪ್ಯಾನಿಷಿನಲ್ಲಿ ಪಾಠ ಬೇಕೋ ಬೇಡವೋ ಎಂದು ಕೇಳಿದ ಮತಪತ್ರ ಅನೇಕ ಕೌಂಟಿಗಳಲ್ಲಿ ಸ್ಪ್ಯಾನಿಷಿನಲ್ಲಿಯೂ ಅಚ್ಚಾಗಿತ್ತು.